ಸೋಮವಾರದ ಇಂಟರ್‌ವ್ಯೂಗೆ ಏನು ಹಾಕೋದು?

ಹುಡುಗೀರೇ, ಬೆಳಗ್ಗೆಯಿಂದ ಒಬ್ಬೊಬ್ಬರಾಗಿ ಇದನ್ನೇ ಕೇಳುತ್ತಿದ್ದೀರಿ, ಅದಕ್ಕೆ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಬ್ಲೇಜರ್ ಬೇಕೇ ಬೇಕು ಅಂತೇನಿಲ್ಲ, ಸುಮ್ನೆ ದುಡ್ಡು ಸುರಿಯಬೇಡಿ. ತಿಳಿ ಬಣ್ಣದ ಕಾಟನ್ ಕುರ್ತಾ, ಕಡು ನೀಲಿ ಇಲ್ಲವೇ ಕಪ್ಪು ಪ್ಯಾಂಟ್ ಸಾಕು. ಶರ್ಟ್ ಹಾಕುವವರು ಒಮ್ಮೆ ಕನ್ನಡಿ ಮುಂದೆ ಕೂತು ನೋಡಿ, ಎದೆಯ ಹತ್ತಿರ ಗುಂಡಿಗಳ ನಡುವೆ ಬಾಯಿ ಬಿಡುತ್ತಿದ್ದರೆ ಒಳಗಿನಿಂದ ಪಿನ್ನು ಹಾಕಿ. ಸೀರೆ ಅಭ್ಯಾಸ ಇದ್ದವರು ಉಡಿ, ಮೊದಲ ಸಲ ಉಡೋದಕ್ಕೆ ಆ ದಿನ ಬೇಡ.

ದುಪಟ್ಟಾ ಹೆಗಲಿಗೆ ಪಿನ್ ಮಾಡಿ. ನನ್ನದು ಒಮ್ಮೆ ಕುರ್ಚಿಯ ಗಾಲಿಗೆ ಸಿಕ್ಕಿಕೊಂಡು, ಅವರು 'ನಿಮ್ಮ ಬಗ್ಗೆ ಹೇಳಿ' ಅಂದಾಗ ನಾನು ಬಗ್ಗಿ ಅದನ್ನು ಎಳೆಯುತ್ತಿದ್ದೆ!

ಹೊಸ ಚಪ್ಪಲಿ ಬೇಡ, ಮೆಜೆಸ್ಟಿಕ್‌ನಲ್ಲಿ ಬಸ್ಸಿಳಿದು ಮೆಟ್ರೊ ಹತ್ತುವಷ್ಟರಲ್ಲೇ ಹಿಮ್ಮಡಿ ಕಚ್ಚಿರುತ್ತದೆ. ಬಳೆ ಜಾಸ್ತಿ ಬೇಡ, ಟೇಬಲ್ ಮೇಲೆ ಕೈಯಿಟ್ಟಾಗಲೆಲ್ಲ ಸದ್ದಾಗುತ್ತೆ. ಬಿಂದಿ, ಮೂಗುತಿ, ಹಿಜಾಬ್ ತೆಗೆಯಬೇಕಾ ಅಂತ ಕೇಳಿದವರಿಗೆ, ಯಾಕೆ ತೆಗೀತೀರಿ, ಇರಲಿ ಬಿಡಿ. ಆನ್‌ಲೈನ್ ಇಂಟರ್‌ವ್ಯೂ ಇರುವವರು ಸಣ್ಣ ಗೆರೆಗಳ ಬಟ್ಟೆ ಬಿಡಿ, ಕ್ಯಾಮೆರಾದಲ್ಲಿ ಗೆರೆ ಓಡಾಡಿದಂತೆ ಕಾಣುತ್ತದೆ.

ಇಸ್ತ್ರಿಗೆ ಶನಿವಾರವೇ ಕೊಡಿ, ನಮ್ಮ ಬೀದಿಯ ಗಾಡಿಯವರು ಭಾನುವಾರ ಬರಲ್ಲ. ಎಂ ಸೈಜಿನ ಕಪ್ಪು ಬ್ಲೇಜರ್ ನನ್ನ ಹತ್ತಿರ ಒಂದಿದೆ, ಬೇಕಾದವರು ಮೆಸೇಜ್ ಹಾಕಿ.