ಡಬ್ಬದೊಳಗಿನ ಹಳೆಯ ಪೈಸೆಗಳು ಶಾಲೆಗೆ ಹೋಗಲಿ

ಮಾನ್ಯ ಸಂಪಾದಕರೇ,

‘ಈ ನಾಣ್ಯ ನಿಮ್ಮ ಬಳಿ ಇದ್ದರೆ ನೀವೇ ಲಕ್ಷಾಧೀಶರು’ ಎಂಬ ಬಗೆಯ ಶೀರ್ಷಿಕೆಗಳು ಮೊಬೈಲ್ ಸಂದೇಶಗಳಲ್ಲಿ ಮಾತ್ರವಲ್ಲದೆ ಹೆಸರಾಂತ ಪತ್ರಿಕೆಗಳ ಜಾಲತಾಣಗಳಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿರುವುದರಿಂದ ಈ ಪತ್ರ ಬರೆಯಬೇಕಾಯಿತು. ವೈಷ್ಣೋದೇವಿ ಮಂದಿರ ಮಂಡಳಿಯ ನೆನಪಿಗಾಗಿ 2012ರಲ್ಲಿ ಟಂಕಿಸಿದ ಐದು ಮತ್ತು ಹತ್ತು ರೂಪಾಯಿಯ ನಾಣ್ಯಗಳ ಬಗೆಗಂತೂ ಈ ಸುದ್ದಿ ಹಳಸಿದರೂ ನಿಂತಿಲ್ಲ. ನಾನು ಬ್ಯಾಂಕೊಂದರ ನಗದು ವಿಭಾಗದಲ್ಲಿ ಬಹುಕಾಲ ದುಡಿದವನು. ಪರಿಚಯದವರು ಈಗಲೂ ಬಿಸ್ಕತ್ತಿನ ಡಬ್ಬದಲ್ಲೋ ಬಟ್ಟೆಯ ಗಂಟಿನಲ್ಲೋ ಹಳೆಯ ನಾಣ್ಯಗಳನ್ನು ತಂದು ಸುರಿದು, ಇದಕ್ಕೆಷ್ಟು ಬರುತ್ತದೆ ಎಂದು ಕೇಳುತ್ತಾರೆ. ಹೆಚ್ಚಿನ ಸಲ ಹೇಳಬೇಕಾಗುವ ಉತ್ತರ, ಹೇಳಿಕೊಳ್ಳುವಂಥದ್ದೇನೂ ಬರುವುದಿಲ್ಲ ಎಂಬುದೇ ಆಗಿರುತ್ತದೆ.

ಇದಕ್ಕೆ ಕಾರಣ ಸರಳವಾಗಿದೆ. ಸ್ವಾತಂತ್ರ್ಯಾನಂತರದ ಚಿಲ್ಲರೆ ನಾಣ್ಯಗಳನ್ನು ಟಂಕಸಾಲೆಗಳು ಕೋಟಿಗಟ್ಟಲೆ ಹೊರತಂದಿವೆ, ಮತ್ತು ಅವುಗಳಲ್ಲಿ ಎಷ್ಟೋ ನಮ್ಮ ನಿಮ್ಮ ಮನೆಗಳ ಡಬ್ಬಗಳಲ್ಲಿಯೇ ಉಳಿದಿವೆ. ನಾಣ್ಯಕ್ಕೆ ಸಂಗ್ರಾಹಕರು ಕೊಡುವ ಬೆಲೆ ಅದರ ವಯಸ್ಸಿನಿಂದ ಬರುವುದಿಲ್ಲ. ಆ ಇಸವಿಯಲ್ಲಿ ಆ ಟಂಕಸಾಲೆಯಿಂದ ಎಷ್ಟು ಬಂದಿತ್ತು, ಕೈಯಿಂದ ಕೈಗೆ ಓಡಾಡಿ ಎಷ್ಟು ಸವೆದಿದೆ ಎಂಬುದರಿಂದ ಬರುತ್ತದೆ. ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಜಾಹೀರಾತಿನಲ್ಲಿ ಯಾರೋ ಕೇಳಿರುವ ಹತ್ತು ಲಕ್ಷವು ಮಾರುವವನ ಆಸೆಯೇ ಹೊರತು ಕೊಂಡವನು ಕೊಟ್ಟ ಹಣವಲ್ಲ. ನಿಜವಾದ ವ್ಯಾಪಾರಿಗಳು ಇಂತಹ ಸವೆದ ಪೈಸೆಗಳನ್ನು ಕೊಂಡರೆ ತೂಕದ ಲೆಕ್ಕದಲ್ಲಿ ಕೊಳ್ಳುತ್ತಾರೆ.

ಆಸೆ ಹುಟ್ಟಿದ ಮೇಲೆ ನಡೆಯುವ ಮೋಸವಂತೂ ಒಂದೇ ಅಚ್ಚಿನಲ್ಲಿ ತೆಗೆದಂತಿರುತ್ತದೆ. ನಾಣ್ಯದ ಚಿತ್ರವನ್ನು ಜಾಲತಾಣದಲ್ಲಿ ಹಾಕಿದವರಿಗೆ ಕರೆ ಬರುತ್ತದೆ, ಕೊಳ್ಳುವವರು ಸಿದ್ಧರಿದ್ದಾರೆ ಎನ್ನುತ್ತಾರೆ, ರಿಸರ್ವ್ ಬ್ಯಾಂಕಿನ ಲಾಂಛನವಿರುವ ಪತ್ರವೊಂದು ವಾಟ್ಸ್‌ಆ್ಯಪ್‌ಗೆ ಬರುತ್ತದೆ, ಬಳಿಕ ನೋಂದಣಿ ಶುಲ್ಕ, ಕಮಿಷನ್, ತೆರಿಗೆ ಎಂದು ಒಂದರ ಹಿಂದೊಂದು ಮೊತ್ತ ಕೇಳುತ್ತಾರೆ. ಇಂತಹ ವ್ಯವಹಾರಗಳಲ್ಲಿ ತನ್ನ ಪಾತ್ರವೇನೂ ಇಲ್ಲ, ಯಾವ ಶುಲ್ಕವನ್ನೂ ತಾನು ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಎಚ್ಚರಿಸಿದೆ. ಹಣ ಕಳುಹಿಸಿಬಿಟ್ಟವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಹಾಗಾದರೆ ಡಬ್ಬವನ್ನು ಏನು ಮಾಡುವುದು? ಮೊದಲು ಅದರಲ್ಲಿ ಇಂದಿಗೂ ಹಣವಾಗಿರುವುದನ್ನು ಬೇರ್ಪಡಿಸಬೇಕು. 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆ ಕಳೆದುಕೊಂಡಿವೆ. ಅಂಗಡಿಯವರು ಮುಖ ಸಿಂಡರಿಸಿದರೂ 50 ಪೈಸೆ ಇಂದಿಗೂ ಕಾನೂನುಬದ್ಧ ಹಣವೇ. ಒಂದು ವ್ಯವಹಾರದಲ್ಲಿ ಹತ್ತು ರೂಪಾಯಿಯವರೆಗೆ ಅದನ್ನು ಕೊಡಬಹುದು. ಎಪ್ಪತ್ತು, ಎಂಬತ್ತರ ದಶಕದ ದಪ್ಪನೆಯ ಒಂದು ರೂಪಾಯಿಯೂ ಇಂದಿಗೂ ಕಾನೂನುಬದ್ಧ ಹಣವೇ. ಹತ್ತು ರೂಪಾಯಿ ನಾಣ್ಯದಲ್ಲಿ ಗೆರೆಗಳು ಹತ್ತಿವೆಯೋ ಹದಿನೈದಿವೆಯೋ ಎಂದು ಎಣಿಸುವ ಅಗತ್ಯವೇ ಇಲ್ಲ. ಆವರೆಗೆ ಹೊರಬಂದ ಹದಿನಾಲ್ಕು ವಿನ್ಯಾಸಗಳೂ ಸಿಂಧುವೆಂದು 2018ರಲ್ಲಿಯೇ ಸ್ಪಷ್ಟಪಡಿಸಲಾಗಿದೆ. ಇವೆಲ್ಲವನ್ನೂ ನೂರು ನೂರರ ಪೊಟ್ಟಣ ಕಟ್ಟಿ ಬ್ಯಾಂಕಿಗೆ ಒಯ್ದರೆ ಕೌಂಟರಿನಲ್ಲಿ ಕುಳಿತವರಿಗೂ ಅನುಕೂಲ. ಚಲಾವಣೆಯಲ್ಲಿರುವ ನಾಣ್ಯವನ್ನು ಕರಗಿಸುವುದು 2011ರ ನಾಣ್ಯ ಕಾಯ್ದೆಯ ಪ್ರಕಾರ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ ಎಂಬುದನ್ನು ಗುಜರಿಗೆ ಹಾಕಲು ಹೊರಟವರು ನೆನಪಿಡಬೇಕು.

ಎರಡನೆಯದಾಗಿ ಬೆಳ್ಳಿಯನ್ನು ಗುರುತಿಸಬೇಕು. 1940ಕ್ಕೆ ಮುಂಚಿನ ಬ್ರಿಟಿಷರ ಕಾಲದ ರೂಪಾಯಿ ಸುಮಾರು 11.66 ಗ್ರಾಂ ತೂಗುತ್ತಿದ್ದು, ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಬೆಳ್ಳಿ ಇತ್ತು. ಯುದ್ಧಕಾಲದಲ್ಲಿ ಅದು ಅರ್ಧಕ್ಕಿಳಿಯಿತು. 1946 ಮತ್ತು 1947ರ ಇಸವಿಯವು ಬರಿಯ ನಿಕ್ಕಲ್. ಹುಲಿಯ ಚಿತ್ರವಿರುವ 1947ರ ರೂಪಾಯಿಯನ್ನು ಬೆಳ್ಳಿಯೆಂದು ಜೋಪಾನ ಮಾಡಿದವರು ಅನೇಕರಿದ್ದಾರೆ. ಅಯಸ್ಕಾಂತ ಹಿಡಿದರೆ ಅದು ಅಂಟಿಕೊಳ್ಳುತ್ತದೆ, ಬೆಳ್ಳಿ ಅಂಟುವುದಿಲ್ಲ. ಆದರೆ ಅಂಟದಿರುವುದೆಲ್ಲವೂ ಬೆಳ್ಳಿಯಲ್ಲವಾದ್ದರಿಂದ ಆಮೇಲೆ ನಂಬಿಕಸ್ಥ ಅಕ್ಕಸಾಲಿಗರಲ್ಲಿ ತೋರಿಸುವುದು ಒಳ್ಳೆಯದು.

ನಾಣ್ಯಗಳನ್ನು ಯಾರಿಗಾದರೂ ತೋರಿಸುವ ಮೊದಲು ಹುಣಸೆಹಣ್ಣು, ನಿಂಬೆಹಣ್ಣು ಅಥವಾ ಪೀತಾಂಬರಿ ಹಾಕಿ ಉಜ್ಜುವುದು ನಮ್ಮ ಮನೆಗಳ ವಾಡಿಕೆ. ದೇವರ ಮನೆಯ ಹಿತ್ತಾಳೆ ದೀಪಕ್ಕೆ ಅದು ಸರಿ. ತಾಮ್ರದ ಕಾಲಾಣೆಯ ಮೇಲೆ ಹತ್ತಾರು ವರ್ಷಗಳಲ್ಲಿ ಕಟ್ಟಿಕೊಂಡ ಕಂದು ಪದರ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ, ಅದರೊಂದಿಗೆ ಸಂಗ್ರಾಹಕರ ಆಸಕ್ತಿಯೂ ಹೋಗುತ್ತದೆ.

ಉಳಿಯುವುದು ಚಲಾವಣೆ ಕಳೆದುಕೊಂಡ, ಹೇಳಿಕೊಳ್ಳುವಷ್ಟು ಲೋಹದ ಬೆಲೆಯೂ ಇಲ್ಲದ ಪೈಸೆಗಳ ರಾಶಿ. ಇವನ್ನು ಈಗ ಬಹಳ ಮಂದಿ ದೇವಸ್ಥಾನದ ಹುಂಡಿಗೆ ಹಾಕುತ್ತಾರೆ, ಇಲ್ಲವೇ ರೈಲಿನ ಕಿಟಕಿಯಿಂದ ಕಾವೇರಿಗೋ ತುಂಗಭದ್ರೆಗೋ ಎಸೆಯುತ್ತಾರೆ. ಬ್ಯಾಂಕ್ ಸ್ವೀಕರಿಸದ ಹಣವನ್ನು ದೇವರು ಸ್ವೀಕರಿಸಬೇಕೆಂಬ ನಿರೀಕ್ಷೆ ನನಗೆ ಸರಿಕಾಣುವುದಿಲ್ಲ. ಹುಂಡಿ ಎಣಿಕೆಯ ದಿನ ಅವನ್ನು ಬೇರ್ಪಡಿಸುವ ಕೆಲಸ ಮಾತ್ರ ಎಣಿಸುವವರ ಪಾಲಿಗೆ ಬರುತ್ತದೆ. ಈ ರಾಶಿಗೆ ಸರಿಯಾದ ಜಾಗ ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳೆಂಬುದು ನನ್ನ ಖಚಿತ ಅಭಿಪ್ರಾಯ.

ಅಲ್ಲಿ ಅವುಗಳಿಂದ ಎಷ್ಟು ಪಾಠ ಹೊರಡಬಹುದೆಂಬುದನ್ನು ನೋಡಬೇಕು. ನಡುವೆ ತೂತಿರುವ 1943ರ ಪೈಸೆಯನ್ನು ಮಗುವಿನ ಅಂಗೈಯಲ್ಲಿಟ್ಟು, ಎರಡನೆಯ ಮಹಾಯುದ್ಧದಲ್ಲಿ ಲೋಹ ಉಳಿಸಲು ಹೀಗೆ ಮಾಡಿದರು ಎಂದು ಹೇಳಿದರೆ, ಯುದ್ಧವೆಂಬುದು ದೂರದ ಯೂರೋಪಿನಲ್ಲಷ್ಟೇ ನಡೆದದ್ದಲ್ಲ, ನಮ್ಮ ಸಂತೆಯ ಚಿಲ್ಲರೆಗೂ ಬಂದು ತಾಗಿತ್ತು ಎಂಬುದು ಅದಕ್ಕೆ ಅರ್ಥವಾಗುತ್ತದೆ. 1957ರ ಏಪ್ರಿಲ್ 1ರಂದು ರೂಪಾಯಿಯನ್ನು ನೂರು ನಯಾಪೈಸೆಗಳಾಗಿ ವಿಭಾಗಿಸಿದರು. ಅದಕ್ಕೂ ಮೊದಲು ರೂಪಾಯಿಗೆ ಹದಿನಾರು ಆಣೆ, ಅರವತ್ತನಾಲ್ಕು ಪೈಸೆ, ನೂರತೊಂಬತ್ತೆರಡು ಪೈ. ನಾಲ್ಕಾಣೆಗೆ ಇಪ್ಪತ್ತೈದು ನಯಾಪೈಸೆ ಸರಿಹೊಂದುತ್ತದೆ, ಒಂದಾಣೆಗೆ ಆರೂಕಾಲು ಆಗುವುದರಿಂದ ಹೊಂದುವುದಿಲ್ಲ. ಆ ಕಾಲು ಪೈಸೆ ಅಂಗಡಿಯವನಿಗೋ ಗಿರಾಕಿಗೋ ಎಂಬ ಪ್ರಶ್ನೆಯೊಂದರಿಂದಲೇ ಭಿನ್ನರಾಶಿಯ ತರಗತಿಯನ್ನು ನಡೆಸಬಹುದು. ಜನರಿಗೆ ಗೊಂದಲವಾಗದಿರಲೆಂದು ಆ ಹೊಸ ಪುಟ್ಟ ಬಿಲ್ಲೆಯ ಮೇಲೆ, ಇದು ರೂಪಾಯಿಯ ನೂರನೆಯ ಭಾಗ ಎಂದು ಹಿಂದಿಯಲ್ಲಿ ಬರೆದೇ ಕೊಟ್ಟಿದ್ದರು. ಚೌಕಾಕಾರದ ಐದು ಪೈಸೆ, ಆರು ಮೂಲೆಯ ಮೂರು ಪೈಸೆ, ಅಲೆಯಂಚಿನ ಹತ್ತು ಪೈಸೆ ರೇಖಾಗಣಿತಕ್ಕೆ ಸಿದ್ಧ ಉಪಕರಣಗಳು. ಓದು ಬಾರದವರೂ ಕಣ್ಣು ಕಾಣದವರೂ ಬೆರಳಿನಿಂದಲೇ ಅವನ್ನು ಗುರುತಿಸಬಹುದಾಗಿತ್ತು. ಇಂದಿನ ಒಂದು ಮತ್ತು ಎರಡು ರೂಪಾಯಿಗಳನ್ನು ಕತ್ತಲಲ್ಲಿ ಬೇರ್ಪಡಿಸಲು ಕಷ್ಟಪಡುವ ನಮಗೆ ಆ ವಿನ್ಯಾಸಕಾರರ ಮೇಲೆ ಗೌರವ ಹೆಚ್ಚಬೇಕು. ‘ಯೋಜಿತ ಕುಟುಂಬ’ದ ಸಂದೇಶ ಹೊತ್ತ 1974ರ ಹತ್ತು ಪೈಸೆ, ಅಂತರರಾಷ್ಟ್ರೀಯ ಮಕ್ಕಳ ವರ್ಷದ 1979ರ ಹತ್ತು ಪೈಸೆ ಇವುಗಳನ್ನು ಸಾಲಾಗಿ ಇಟ್ಟರೆ ಸರ್ಕಾರವೊಂದು ತನ್ನ ಪ್ರಜೆಗಳಿಗೆ ಯಾವ ಕಾಲದಲ್ಲಿ ಏನು ಹೇಳಲು ಬಯಸಿತ್ತು ಎಂಬುದೂ ಕಾಣುತ್ತದೆ.

ಕೊಡುವವರು ನಾಣ್ಯಗಳೊಂದಿಗೆ ಒಂದು ಚೀಟಿ ಇಡುವುದು ಮುಖ್ಯ. ಯಾರ ಮನೆಯದು, ಯಾವ ಊರಿನಲ್ಲಿ, ಸಂತೆ ವ್ಯಾಪಾರದಲ್ಲಿ ಉಳಿದದ್ದೋ ಕೂಲಿಯಲ್ಲಿ ಬಂದದ್ದೋ ಎಂಬ ವಿವರವಿದ್ದರೆ ಅದು ಆ ಊರಿನ ಶಾಲೆಗೆ ತನ್ನದೇ ಆದ ದಾಖಲೆಯಾಗುತ್ತದೆ. ಇಂತಹ ಸಂಗ್ರಹವನ್ನು ಹೇಗೆ ಜೋಡಿಸಬಹುದೆಂದು ತಿಳಿಯಬಯಸುವ ಶಿಕ್ಷಕರು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ತನ್ನ ಸ್ಥಾಪಕ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿ ಸ್ಥಾಪಿಸಿದ ನಾಣ್ಯ ಸಂಗ್ರಹಾಲಯವನ್ನೊಮ್ಮೆ ನೋಡಬೇಕು.

ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ನೂರು ವರ್ಷ ದಾಟಿದ ನಾಣ್ಯ, ಪ್ರಾಚ್ಯವಸ್ತುಗಳನ್ನು ವಿದೇಶಕ್ಕೆ ಕಳುಹಿಸುವುದನ್ನು ನಿರ್ಬಂಧಿಸುವ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ, ವಿದೇಶದಲ್ಲಿರುವ ಮೊಮ್ಮಕ್ಕಳಿಗೆಂದು ಐದನೆಯ ಜಾರ್ಜ್ ದೊರೆಯ ಹಳೆಯ ಕಾಲಾಣೆಯನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸುವ ಮುನ್ನ ಇಸವಿ ನೋಡಬೇಕು. ಬೆಲೆ ಇಪ್ಪತ್ತು ರೂಪಾಯಿಯೇ ಆಗಿದ್ದರೂ ಕಾಯ್ದೆ ನೋಡುವುದು ವಯಸ್ಸನ್ನು.

ಶಾಲಾ ಶಿಕ್ಷಣ ಇಲಾಖೆಯು ಇಂತಹ ನಾಣ್ಯಗಳನ್ನು ಕಲಿಕಾ ಸಾಮಗ್ರಿಯಾಗಿ ಸ್ವೀಕರಿಸಿ, ದಾಸ್ತಾನು ಪುಸ್ತಕದಲ್ಲಿ ದಾಖಲಿಸಿಕೊಳ್ಳಲು ಮುಖ್ಯಶಿಕ್ಷಕರಿಗೆ ಒಂದು ಸಾಲಿನ ಸುತ್ತೋಲೆ ಕಳುಹಿಸಬೇಕೆಂದು ಕೋರುತ್ತೇನೆ; ಇದಕ್ಕೆ ಬೊಕ್ಕಸದಿಂದ ಖರ್ಚಾಗುವುದೇನೂ ಇಲ್ಲ. ತಮ್ಮಲ್ಲಿ ನನ್ನ ಕೋರಿಕೆ ಬೇರೆ. ಲಕ್ಷದ ಆಸೆ ಹುಟ್ಟಿಸುವ ನಾಣ್ಯದ ಸುದ್ದಿಗಳನ್ನು ಪತ್ರಿಕೆಯಲ್ಲಿಯೂ ಅದರ ಜಾಲತಾಣದಲ್ಲಿಯೂ ಪ್ರಕಟಿಸದಿರಿ. ಪ್ರಕಟಿಸಲೇಬೇಕೆಂದಾದರೆ ಆ ಬೆಲೆಗೆ ಯಾರು ಯಾವಾಗ ಕೊಂಡರೆಂಬುದನ್ನು ಅದೇ ಸುದ್ದಿಯಲ್ಲಿ ತಿಳಿಸಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ನೌಕರ, ತುಮಕೂರು