ನಾಲ್ಕನೇ ಸುತ್ತಿನಲ್ಲಿ ತಪ್ಪಿದ ದಾರಿ

ನವನಗರ, ಬಾಗಲಕೋಟೆ

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ. "ಅಪ್ಪಾ, ನಾ ಮಾಡಿದ್ದು ಮೋಸ ಆಯ್ತಾ?" ಹೌದು ಅಥವಾ ಇಲ್ಲ ಅಂತ ಹೇಳಿ ಫೋನ್ ಇಡುವ ವಿಷಯ ಇದಲ್ಲ ಅನ್ನಿಸಿತು. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೇಳಿದ್ದು ನನಗೆ ಅರ್ಥ ಆದದ್ದು ಹೀಗೆ. ಬೆಳಗಾವಿ ಗುಡ್ಡದ ಆ ಸೈಕಲ್ ರೇಸಿನ ನಾಲ್ಕನೇ ಸುತ್ತಿನಲ್ಲಿ ಎಡಕ್ಕೆ ತಿರುಗಿ ಏರು ಹತ್ತಬೇಕಿತ್ತು. ನಿನ್ನ ಮುಂದಿದ್ದ ರೈಡರ್ ನೇರ ಹೋದ. ನೀನು ಅವನ ಹಿಂದಿನ ಗಾಲಿಯನ್ನೇ ನೋಡುತ್ತ ಹೋದೆ. ತಿರುವಿನಲ್ಲಿ ದಾರಿ ತೋರಿಸುವ ಮಾರ್ಷಲ್ ಯಾರೂ ಇರಲಿಲ್ಲ, ಕೆಳಗೆ ಹೋದ ಮೇಲೆ ದಾರಿ ಮತ್ತೆ ಕೂಡಿಕೊಂಡಿತು. ಹುಡುಗಿಯರ ವಿಭಾಗದಲ್ಲಿ ಮೂರನೇ ಸ್ಥಾನ ಬಂತು, ಪದಕವೂ ಬಂತು. ರೂಮಿಗೆ ಬಂದು ವಾಚಿನ ಮ್ಯಾಪ್ ನೋಡಿದಾಗ ಆ ಸುತ್ತು ಬೇರೆ ಸುತ್ತುಗಳಿಗಿಂತ ಗಿಡ್ಡ ಇತ್ತು.

ಗುಡ್ಡದ ಮೇಲೆ ಆದದ್ದು ಮೋಸ ಅಲ್ಲ, ಮಗಳೇ. ಮ್ಯಾಪ್ ನೋಡಿದ ಮೇಲೂ ಸುಮ್ನೆ ಕೂತರೆ ಅದು ಮೋಸ ಆಗುತ್ತದೆ.

ಎರಡನೇ ಸುತ್ತಿನ ನಂತರ ಏನೂ ತಿನ್ನಲಿಲ್ಲ ಅಂದೆಯಲ್ಲ, ನನಗೆ ಅಲ್ಲೇ ಕಥೆ ಗೊತ್ತಾಯಿತು. ನಮ್ಮ ದೇಹ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಸ್ನಾಯುಗಳಲ್ಲಿ ಮತ್ತು ಲಿವರಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಎಲ್ಲ ಸೇರಿ ಸುಮಾರು 400ರಿಂದ 500 ಗ್ರಾಂ. ಸ್ನಾಯುವಿನಲ್ಲಿ ಇದ್ದದ್ದು ಆ ಸ್ನಾಯುವಿಗೇ ಖರ್ಚು, ಅಲ್ಲಿಂದ ಹೊರಗೆ ಬರುವುದಿಲ್ಲ. ಮಿದುಳಿಗೆ ಸಕ್ಕರೆ ಕಳಿಸುವುದು ಲಿವರಿನ ಕೆಲಸ. ಅಲ್ಲಿ ಇರುವುದು 100 ಗ್ರಾಂ ಆಚೀಚೆ ಮಾತ್ರ. ಒಂದೂವರೆ, ಎರಡು ಗಂಟೆ ಜೋರಾಗಿ ತುಳಿದರೆ ಈ ಗಂಟು ಬಹುಪಾಲು ಮುಗಿಯುತ್ತದೆ. ಆಮೇಲೆ ಕಾಲು ಸೋಲುವುದು ಎಲ್ಲರಿಗೂ ಗೊತ್ತಾಗುತ್ತದೆ. ತಲೆಯೂ ಸೋತಿದೆ ಅನ್ನುವುದು ಮಾತ್ರ ಗೊತ್ತೇ ಆಗುವುದಿಲ್ಲ. ಕಣ್ಣು ತೆರೆದೇ ಇರುತ್ತದೆ, ದಾರಿಯ ಗುರುತಿಗೆ ಗಿಡಕ್ಕೆ ಕಟ್ಟಿದ ಟೇಪು ಎದುರಿಗೇ ಇರುತ್ತದೆ, ಆದರೆ ಅದರ ಅರ್ಥ ಒಳಗೆ ಇಳಿಯುವುದಿಲ್ಲ. ಎದುರಿಗೆ ಒಂದು ಗಾಲಿ ಉರುಳುತ್ತಿದ್ದರೆ ಅದರ ಹಿಂದೆ ಹೋಗುವುದೇ ಸುಲಭ.

ಮುಂದಿನ ವರ್ಷ ಒಬ್ಬಳೇ ತುಳಿಯುವ 24 ತಾಸಿನ ಸೋಲೋ ರೇಸ್ ಮಾಡುವ ಆಸೆ ಇದೆ ಅಂತ ನೀನು ಹೇಳಿದ್ದೆ. ಹಾಗಾದರೆ ನಿದ್ದೆಯ ಲೆಕ್ಕವನ್ನೂ ತಿಳಿದುಕೋ. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. 17 ತಾಸು ನಿದ್ದೆಯಿಲ್ಲದೆ ಇದ್ದವರ ಕೈ-ಕಣ್ಣಿನ ಹಿಡಿತ, ರಕ್ತದಲ್ಲಿ ಶೇ. 0.05 ಮದ್ಯ ಇದ್ದವರ ಮಟ್ಟಕ್ಕೆ ಇಳಿದಿತ್ತು. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಕಾನೂನು ಬಿಡುವುದೇ ಶೇ. 0.03. ಅಂದರೆ ನಡುರಾತ್ರಿ ದಾಟಿದ ಮೇಲೆ ಗುಡ್ಡದ ಇಳಿಜಾರಿನಲ್ಲಿ ನೀನು ಎಂಥ ತಲೆ ಹೊತ್ತುಕೊಂಡು ಇಳಿಯುತ್ತೀ ಅಂತ ಯೋಚನೆ ಮಾಡು.

ಬಾದಾಮಿ ಕಡೆಯ ರೈಡ್‌ಗಳಿಗೆ ನಾನು ಚೆಕ್‌ಪಾಯಿಂಟಿನಲ್ಲಿ ನಿಲ್ಲುತ್ತೇನಲ್ಲ, ಅಲ್ಲಿ ಇದನ್ನೆಲ್ಲ ಕಣ್ಣಾರೆ ನೋಡುತ್ತೇನೆ. ಕೆಂಪು ಬಂಡೆ ಕಾದಿರುತ್ತದೆ, ಜಾಲಿಮುಳ್ಳು ಟ್ಯೂಬಿಗೆ ಹೊಕ್ಕಿರುತ್ತದೆ, ಬಾಟಲಿಯಲ್ಲಿ ನೀರು ಮುಗಿದಿರುತ್ತದೆ. ಆ ಹೊತ್ತಿಗೆ ಒಳ್ಳೊಳ್ಳೆಯ ಹುಡುಗರೂ ವಿಚಿತ್ರವಾಗಿ ನಡೆದುಕೊಳ್ಳುತ್ತಾರೆ. ತನ್ನ ನಂಬರ್ ಕೇಳಿದರೆ ತಡವರಿಸುತ್ತಾರೆ. ಹಿಂದಿನಿಂದ "ಬಲಕ್ಕೆ, ಬಲಕ್ಕೆ" ಅಂತ ಕೂಗಿದರೂ ದಾರಿ ಬಿಡುವುದಿಲ್ಲ, ಯಾಕೆಂದರೆ ಕೇಳಿಸಿಯೇ ಇರುವುದಿಲ್ಲ. ಹಿಂದಿದ್ದವನು ಬಂದು ನನ್ನ ಮುಂದೆ "ಬೇಕಂತಲೇ ಅಡ್ಡ ಹಾಕಿದ ಸರ್" ಅಂತ ರೇಗುತ್ತಾನೆ. ಅವನೂ ದಣಿದಿರುತ್ತಾನೆ. ವೇಗವಾಗಿ ಬರುವವರಿಗೆ ತಡೆಯಿಲ್ಲದೆ ದಾರಿ ಬಿಡಬೇಕು ಅನ್ನುವುದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಲ್ಲೇ ಇದೆ, ಅದು ಸರಿ. ಆದರೆ ದಣಿದವನ ಮೇಲೆ ಮೋಸದ ಮಾತು ಎಸೆಯುವ ಮೊದಲು ಒಂದು ಕ್ಷಣ ತಡೆಯಬೇಕು. ಅದೂ ಆಟದ ನ್ಯಾಯವೇ ಅಂತ ನಾನು ನಂಬುತ್ತೇನೆ.

ಒಬ್ಬ ಹುಡುಗ ಚೆಕ್‌ಪಾಯಿಂಟಿಗೆ ತಪ್ಪು ದಿಕ್ಕಿನಿಂದ ಬಂದ. ದಾರಿ ಎಲ್ಲಿ ಬಿಟ್ಟೆ ಅಂತ ಅವನಿಗೇ ಗೊತ್ತಿರಲಿಲ್ಲ. ಕೂರಿಸಿ, ಬೆಲ್ಲ, ಶೇಂಗಾ, ನೀರು ಕೊಟ್ಟೆವು. ಸ್ವಲ್ಪ ಹೊತ್ತಿನಲ್ಲಿ ಮುಖಕ್ಕೆ ಕಳೆ ಬಂತು. ಎದ್ದವನು ಸೈಕಲ್ ಹಿಂದಕ್ಕೆ ತಿರುಗಿಸಿದ. ಎಲ್ಲಿಗೆ ಅಂದರೆ, "ಬಿಟ್ಟ ಜಾಗಕ್ಕೆ ಸರ್" ಅಂದ. ನಿಯಮವೂ ಅದನ್ನೇ ಹೇಳುತ್ತದೆ, ಯಾವ ಕಾರಣಕ್ಕೆ ದಾರಿ ಬಿಟ್ಟರೂ ಬಿಟ್ಟ ಜಾಗದಲ್ಲೇ ಮತ್ತೆ ಸೇರಬೇಕು. ಆವತ್ತಿನಿಂದ ಯಾರ ಬಗ್ಗೆಯಾದರೂ ತೀರ್ಮಾನಕ್ಕೆ ಬರುವ ಮೊದಲು ನಾನು ಕೇಳಿಕೊಳ್ಳುವುದು ಇಷ್ಟೇ: ಬೆಲ್ಲ ತಿಂದ ಮೇಲೆ ಅವನು ಏನು ಮಾಡಿದ? ನೀನು ಈಗ ಉಂಡಿದ್ದೀ, ನಿದ್ದೆ ಮಾಡಿದ್ದೀ. ಅದಕ್ಕೇ ಈ ಮಾತು.

ದೊಡ್ಡ ರೇಸ್‌ಗಳಲ್ಲಿ ತಪಾಸಣೆ ಇರುತ್ತದೆ. 2016ರ ಜನವರಿಯಲ್ಲಿ ಬೆಲ್ಜಿಯಂನ ಜೋಲ್ಡರ್‌ನಲ್ಲಿ ಸೈಕ್ಲೋಕ್ರಾಸ್ (ಕೆಸರು, ಹುಲ್ಲಿನ ದಾರಿಯ ಸೈಕಲ್ ರೇಸ್) ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಒಬ್ಬಳ ಸೈಕಲ್ಲಿನ ಒಳಗೆ ಮೋಟಾರ್ ಸಿಕ್ಕಿತು, 6 ವರ್ಷ ನಿಷೇಧ ಆಯಿತು. ನಮ್ಮಂಥವರ ರೇಸಿನಲ್ಲಿ ಯಾರು ಹುಡುಕುತ್ತಾರೆ? ಮೂರ್ನಾಲ್ಕು ಕಿಲೋಮೀಟರಿಗೆ ಒಬ್ಬ ಸ್ವಯಂಸೇವಕ ಸಿಕ್ಕರೆ ಜಾಸ್ತಿ. ಬೆಳಿಗ್ಗೆ ಎದ್ದು ಬ್ಯಾಂಕಿಗೋ ಶಾಲೆಗೋ ಹೋಗುವವರು ಭಾನುವಾರ ಬಂದು ತುಳಿಯುವ ಆಟ ಇದು. ಪ್ರತಿಯೊಬ್ಬನೂ ತನ್ನ ಲೆಕ್ಕ ತಾನೇ ಸರಿಯಾಗಿ ಒಪ್ಪಿಸುತ್ತಾನೆ ಅನ್ನುವ ನಂಬಿಕೆಯ ಮೇಲೇ ರಿಸಲ್ಟ್ ನಿಂತಿರುತ್ತದೆ.

ಮಾತ್ರೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ರೇಸಿನ ನಡುವೆ ಯಾರಾದರೂ ಪ್ರೀತಿಯಿಂದಲೇ "ಇದನ್ನು ನುಂಗು, ನೋವು ಹೋಗುತ್ತೆ" ಅಂತ ಕೈಗೆ ಕೊಟ್ಟರೆ ತೆಗೆದುಕೊಳ್ಳಬೇಡ. ಟ್ರಮಡಾಲ್ ಅನ್ನುವ ನೋವಿನ ಮಾತ್ರೆಯನ್ನು ಸೈಕ್ಲಿಂಗ್ ಒಕ್ಕೂಟ 2019ರ ಮಾರ್ಚ್‌ನಿಂದ ಸ್ಪರ್ಧೆಯಲ್ಲಿ ನಿಷೇಧಿಸಿತು. 2024ರ ಜನವರಿಯಿಂದ ಎಲ್ಲ ಆಟಗಳಿಗೂ ಆ ನಿಷೇಧ ಬಂತು. ಅದು ಮಂಪರು ತರುತ್ತದೆ, ತಾನೂ ಬಿದ್ದು ಪಕ್ಕದವರನ್ನೂ ಬೀಳಿಸುವ ಅಪಾಯ ಇದೆ. ಐಬುಪ್ರೊಫೆನ್ ಅನ್ನುವ ಇನ್ನೊಂದು ನೋವಿನ ಮಾತ್ರೆ ನಿಷೇಧಿತ ಅಲ್ಲ, ಆದರೆ ನೀರು ಬತ್ತಿದ ದೇಹದಲ್ಲಿ ಅದು ಕಿಡ್ನಿಗೆ ಪೆಟ್ಟು ಕೊಡಬಹುದು. ಕಾಫಿ ಕುಡಿ, ತೊಂದರೆ ಇಲ್ಲ. ಕೆಫೀನನ್ನು ನಿಷೇಧದ ಪಟ್ಟಿಯಿಂದ 2004ರಲ್ಲೇ ತೆಗೆದಿದ್ದಾರೆ.

ದಕ್ಷಿಣ ಆಫ್ರಿಕಾದಲ್ಲಿ 2004ರಿಂದ ನಡೆಯುವ ಕೇಪ್ ಎಪಿಕ್ ಸೈಕಲ್ ರೇಸಿನ ಬಗ್ಗೆ ನೀನೇ ನನಗೆ ಹೇಳಿದ್ದೆ. ಎಂಟು ದಿನ, ಗುಡ್ಡಗಾಡು, ಇಬ್ಬಿಬ್ಬರ ಜೋಡಿ. ಜೋಡಿಯ ಇಬ್ಬರ ನಡುವೆ ಎರಡು ನಿಮಿಷಕ್ಕಿಂತ ಜಾಸ್ತಿ ಅಂತರ ಆದರೆ ದಂಡ. ಈ ನಿಯಮ ನನಗೆ ಬಹಳ ಹಿಡಿಸಿತು. ಗಟ್ಟಿ ಇದ್ದವನು ದಣಿದವನನ್ನು ಬಿಟ್ಟು ಹೋಗುವ ಹಾಗಿಲ್ಲ. ಅವನ ವೇಗಕ್ಕೆ ತನ್ನ ವೇಗ ಹೊಂದಿಸಬೇಕು, ಏರಿನಲ್ಲಿ ಕಾಯಬೇಕು, ಗಾಳಿಗೆ ಮುಂದೆ ನಿಲ್ಲಬೇಕು. ದಣಿವನ್ನು ಒಬ್ಬರ ಖಾಸಗಿ ತೊಂದರೆ ಅಂತ ಬಿಡದೆ ಆಟದ ಒಳಗೇ ಸೇರಿಸಿದ್ದಾರೆ. ಒಂಟಿ ರೇಸಿನಲ್ಲಿ ಇಂಥ ನಿಯಮ ಇಲ್ಲ. ಅಲ್ಲಿ ಈ ಕೆಲಸ ನೀನೇ ಮಾಡಿಕೊಳ್ಳಬೇಕು.

ಹೇಗೆ ಅಂದರೆ, ತಲೆ ಚೆನ್ನಾಗಿರುವಾಗಲೇ ತೀರ್ಮಾನ ಮಾಡಿಟ್ಟುಕೋ. ನಾಲ್ಕನೇ ತಾಸಿನಲ್ಲಿ ಯೋಚಿಸಿ ಸರಿಯಾದದ್ದು ಮಾಡುತ್ತೇನೆ ಅಂದುಕೊಳ್ಳಬೇಡ, ಆಗ ಯೋಚಿಸುವ ಶಕ್ತಿಯೇ ಇರುವುದಿಲ್ಲ. ಕವಲು ಬಂದಾಗ ಟೇಪು ಕಾಣದಿದ್ದರೆ ನಿಲ್ಲುತ್ತೇನೆ, ಯಾರು ಮುಂದೆ ಹೋಗಿರಲಿ. ಬಿದ್ದವರು ಕಂಡರೆ ಇಳಿಯುತ್ತೇನೆ. ಅರ್ಧ ತಾಸಿಗೊಮ್ಮೆ ತಿನ್ನುತ್ತೇನೆ. ಇದನ್ನು ಹಿಂದಿನ ರಾತ್ರಿಯೇ ಚೀಟಿಯಲ್ಲಿ ಬರೆದು ಹ್ಯಾಂಡಲ್ ಮುಂದೆ ಟೇಪಿನಿಂದ ಅಂಟಿಸು. ತಾಸಿಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಬರೀ ನೀರನ್ನೇ ಕೊಡಗಟ್ಟಲೆ ಕುಡಿಯಬೇಡ, ರಕ್ತದ ಸೋಡಿಯಂ ಇಳಿದರೆ ಅದೂ ತಲೆ ಕೆಡಿಸುತ್ತದೆ, ಜೀವಕ್ಕೂ ಅಪಾಯ. ಉಪ್ಪು ಇರಲಿ. ಮತ್ತೆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವ ಬೆರಳು ಮಾತು ಕೇಳದಿದ್ದರೆ ರೇಸ್ ಅಲ್ಲಿಗೇ ಬಿಡು. ಬಿಟ್ಟು ಬಂದೆ ಅಂತ ನಿನ್ನವ್ವ, ನಾನು ಯಾವತ್ತೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಈಗ ಪದಕದ ವಿಷಯ. "ಒಂದೆರಡು ನಿಮಿಷದ ದಾರಿ ಅಷ್ಟೇ ಅಪ್ಪಾ" ಅಂದೆ. ಇರಬಹುದು. ಆದರೆ ನಿನ್ನ ಹಿಂದೆ ನಾಲ್ಕನೆಯವಳಾಗಿ ಬಂದ ಹುಡುಗಿಯ ಬಗ್ಗೆ ಯೋಚಿಸು. ಅವಳ ಲಿವರಿನಲ್ಲೂ ಅಷ್ಟೇ ಸಕ್ಕರೆ ಇತ್ತು. ಅದೇ ಕೆಂಪು ಕೆಸರು ಅವಳ ಗಾಲಿಗೂ ಮೆತ್ತಿಕೊಂಡಿತ್ತು. ಅವಳು ಆ ತಿರುವಿನಲ್ಲಿ ಎಡಕ್ಕೆ ತಿರುಗಿದಳು, ಏರು ಹತ್ತಿದಳು. ಯಾರೂ ನೋಡದ ಜಾಗದಲ್ಲಿ ಹತ್ತಿದಳು. ಆ ಏರಿನ ಲೆಕ್ಕ ಅವಳಿಗೆ ಸಿಗಬೇಕು, ಅಲ್ವಾ?

ಇವತ್ತೇ ಆಯೋಜಕರಿಗೆ ಬರೆ. ಯಾವ ಸುತ್ತು, ಯಾವ ತಿರುವು ಅಂತ ಹೇಳಿ, ವಾಚಿನ ಜಿಪಿಎಸ್ ಫೈಲ್ ಜೊತೆಗೆ ಕಳಿಸು. ಸಮಯ ಸೇರಿಸುತ್ತಾರೋ, ಹೆಸರು ತೆಗೆಯುತ್ತಾರೋ ಅದು ಅವರ ತೀರ್ಮಾನ, ನೀನಾಗಿ ಏನೂ ಸಲಹೆ ಕೊಡಬೇಡ. ಆ ತಿರುವಿನಲ್ಲಿ ಮುಂದಿನ ಸಲ ಒಬ್ಬರನ್ನು ನಿಲ್ಲಿಸಿ ಅಂತ ಮಾತ್ರ ಕೇಳಿಕೋ. ನಿನ್ನ ಮುಂದೆ ಹೋದ ಹುಡುಗನ ಹೆಸರು ಆ ಪತ್ರದಲ್ಲಿ ಹಾಕಬೇಡ. ಅವನಿಗೆ ನೀನೇ ಫೋನ್ ಮಾಡು. ಅವನಿಗೂ ಇನ್ನೂ ಗೊತ್ತಾಗಿರಲಿಕ್ಕಿಲ್ಲ.

ಇಂತಿ,
ನಿನ್ನ ಅಪ್ಪ