ಗೋಪ್ಯ ಅಂತ ಮುದ್ರೆ ಇದೆ, ಪ್ರತಿಗಳ ಲೆಕ್ಕ ಎಲ್ಲಿದೆ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿಗೆ ಒಂದು ಸರ್ಕಾರಿ ಪತ್ರದ ಫೋಟೋ ಬಂತು. ನೀರು ಯಾವಾಗ ಬಿಡುತ್ತಾರೆ, ಕಸದ ಗಾಡಿ ಯಾಕೆ ಬಂದಿಲ್ಲ ಅಂತ ಕೇಳುವ ಗ್ರೂಪು ಅದು. ಪತ್ರದ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ‘ಗೋಪ್ಯ’ ಎಂಬ ಮುದ್ರೆ. ಕೆಳಗಿನ ಮೂಲೆಯಲ್ಲಿ ಯಾರದೋ ಹೆಬ್ಬೆರಳು, ಪಕ್ಕದಲ್ಲಿ ಸ್ಟೀಲ್ ಲೋಟ. ಕಾಫಿ ಕುಡಿಯುತ್ತಾ ತೆಗೆದ ಫೋಟೋ ಇರಬೇಕು. ಯಾವ ಕಚೇರಿಯದು ಅಂತ ನಾನು ಬರೆಯುವುದಿಲ್ಲ. ಕನ್ನಡಕ ಹಾಕಿಕೊಂಡು ಓದಿದೆ. ಸಚಿವರೊಬ್ಬರು ಬರುವ ದಿನ ಯಾರು ಎಷ್ಟು ಗಂಟೆಗೆ ಎಲ್ಲಿ ನಿಲ್ಲಬೇಕು, ಹಾರ ಯಾರು ತರಬೇಕು, ತಿಂಡಿ ಎಷ್ಟು ಜನಕ್ಕೆ ಎಂಬ ಪಟ್ಟಿ ಅದು. ಹಾರಕ್ಕೂ ಉಪ್ಪಿಟ್ಟಿಗೂ ಗೋಪ್ಯದ ಮುದ್ರೆ!

ನಗು ಬಂತು, ಆಮೇಲೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಯಾಕೆಂದರೆ 1982ರಿಂದ 2017ರವರೆಗೆ ನಾನು ಇಂಥದೇ ಕಾಗದಗಳನ್ನು ಟೈಪ್ ಮಾಡಿದವಳು. ಜಿಲ್ಲಾ ಮಟ್ಟದ ಕಚೇರಿಯೊಂದರಲ್ಲಿ ಬೆರಳಚ್ಚುಗಾರ್ತಿಯಾಗಿ ಸೇರಿದೆ. ಅದರಲ್ಲಿ ಹನ್ನೊಂದು ವರ್ಷ ಗೋಪ್ಯ ಶಾಖೆಯಲ್ಲಿ ಕೂತಿದ್ದೆ. (‘ಗೌಪ್ಯ’ ಅಂತ ಟೈಪ್ ಮಾಡಿದರೆ ನಮ್ಮ ಶಿರಸ್ತೇದಾರರು ಹೊಡೆದುಹಾಕಿ ‘ಗೋಪ್ಯ’ ಮಾಡುತ್ತಿದ್ದರು. ಆ ಅಭ್ಯಾಸ ನನಗೆ ಇನ್ನೂ ಹೋಗಿಲ್ಲ.)

ಆಗಿನ ಪದ್ಧತಿ ಹೇಳುತ್ತೇನೆ. ಗೋಪ್ಯ ಪತ್ರ ಅಂದರೆ ಮೊದಲು ಎಷ್ಟು ಪ್ರತಿ ಅಂತ ತೀರ್ಮಾನ ಆಗಬೇಕು. ನಾಲ್ಕು ಪ್ರತಿ ಅಂದರೆ ನಾಲ್ಕು ಹಾಳೆ, ನಡುವೆ ಮೂರು ಕಾರ್ಬನ್. ಪ್ರತಿಯೊಂದರ ಮೇಲೂ ‘ಪ್ರತಿ 1’, ‘ಪ್ರತಿ 2’ ಅಂತ ಸಂಖ್ಯೆ. ಯಾವ ಸಂಖ್ಯೆಯದು ಯಾರಿಗೆ ಅಂತ ವಹಿಯಲ್ಲಿ ಬರೆದು ಶಿರಸ್ತೇದಾರರ ಸಹಿ. ಆಮೇಲೆ ಎರಡು ಲಕೋಟೆ. ಒಳಗಿನದಕ್ಕೆ ಗೋಪ್ಯದ ಮುದ್ರೆ ಹಾಕಿ ಅರಗು ಒತ್ತುವುದು. ಹೊರಗಿನದು ಸಾದಾ, ಅದರ ಮೇಲೆ ಬರೀ ವಿಳಾಸ. ದಾರಿಯಲ್ಲಿ ನೋಡಿದವನಿಗೆ ಇದು ಗೋಪ್ಯ ಅಂತಲೂ ಗೊತ್ತಾಗಬಾರದು ಅಲ್ವಾ, ಅದಕ್ಕೆ. ಜೊತೆಗೊಂದು ಚೀಟಿ ಹೋಗುತ್ತಿತ್ತು. ತಲುಪಿದವರು ಸಹಿ ಹಾಕಿ ವಾಪಸ್ ಕಳಿಸಬೇಕು. ಚೀಟಿ ಬರಲಿಲ್ಲ ಅಂದರೆ ನಮ್ಮ ದಫೇದಾರರು ಸೈಕಲ್ ಹತ್ತುತ್ತಿದ್ದರು. ಸಂಜೆ ಕಾರ್ಬನ್, ಕೆಟ್ಟ ಹಾಳೆ, ಸ್ಟೆನ್ಸಿಲ್ ಎಲ್ಲ ಎಣಿಸಿ ಹಿತ್ತಲಲ್ಲಿ ಒಂದು ಎಣ್ಣೆ ಡಬ್ಬದೊಳಗೆ ಸುಡುವುದು.

ಈ ಕಾರ್ಬನ್ ವಿಚಾರದಲ್ಲಿ ನಾನೇ ಒಂದು ತಪ್ಪು ಮಾಡಿದ್ದೇನೆ. 1986 ಇರಬೇಕು. ಮನೆಯಲ್ಲಿ ದಿಂಬಿನ ಕವರಿಗೆ ನವಿಲಿನ ಕಸೂತಿ ಹಾಕುತ್ತಿದ್ದೆ. ಬಟ್ಟೆಯ ಮೇಲೆ ಚಿತ್ರ ಇಳಿಸುವುದಕ್ಕೆ ಕಾರ್ಬನ್ ಬೇಕಾಗಿತ್ತು. ಅಂಗಡಿಯಲ್ಲಿ ದುಡ್ಡು ಕೊಡುವುದು ಯಾಕೆ, ಹೇಗೂ ಸುಡುವುದೇ ತಾನೆ ಅಂತ ಒಂದನ್ನು ಮಡಚಿ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಹೋದೆ. ಗೋಪ್ಯ ಪತ್ರಕ್ಕೆ ಪ್ರತಿ ಸಲವೂ ಹೊಸ ಕಾರ್ಬನ್ ಹಾಕುತ್ತಿದ್ದೆವು. ಒಂದೇ ಸಲ ಬಳಸಿದ ಕಾರ್ಬನ್ನನ್ನು ಬೆಳಕಿಗೆ ಹಿಡಿದರೆ ಅಕ್ಷರ ಅಕ್ಷರವೂ ಕಾಣುತ್ತದೆ. ಅವತ್ತು ನಾನು ಟೈಪ್ ಮಾಡಿದ್ದು ಹಬ್ಬದ ಮೆರವಣಿಗೆಗೆ ಮೊದಲು ಯಾರ ಯಾರ ಮೇಲೆ ಕಣ್ಣಿಡಬೇಕು ಎಂಬ ಹೆಸರುಗಳ ಪಟ್ಟಿ. ಅದರಲ್ಲಿ ನಮ್ಮ ಬೀದಿಯವರೂ ಇದ್ದರು.

ಮಾರನೇ ದಿನ ಬೆಳಿಗ್ಗೆ ಶಿರಸ್ತೇದಾರರು ಕರೆದರು. “ನಾಲ್ಕು ಪ್ರತಿ ಆಗಿದೆ. ಕಾರ್ಬನ್ ಎರಡೇ ಇದೆಯಲ್ಲಮ್ಮಾ?” ನನ್ನ ಕಾಲು ನಡುಗಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. “ಈಗಲೇ ಬಸ್ಸು ಹತ್ತಿ ತಗೊಂಡು ಬಾ” ಅಂದರು. ಹೋಗಿ ತಂದುಕೊಟ್ಟೆ. ಬೆಳಕಿಗೆ ಹಿಡಿದು ನನಗೇ ಓದಿಸಿದರು. ನನ್ನೆದುರೇ ಸುಟ್ಟರು. ವಹಿಯಲ್ಲಿ ಒಂದು ಸಾಲು ಬರೆದರು: ಒಂದು ಕಾರ್ಬನ್ ಒಂದು ರಾತ್ರಿ ಹೊರಗಿತ್ತು, ಯಾರ ಬಳಿ, ಯಾಕೆ, ಎಷ್ಟು ಗಂಟೆಗೆ ವಾಪಸ್ ಬಂತು. ಮೆಮೋ ಕೊಡಲಿಲ್ಲ. ಆಮೇಲೊಂದು ದಿನ ಅವರೇ ಹೇಳಿದರು, “ಮೆಮೋ ಕೊಟ್ಟಿದ್ದರೆ ಮುಂದಿನ ಸಲ ನೀನು ನನ್ನ ಹತ್ತಿರ ಹೇಳುತ್ತಿರಲಿಲ್ಲ” ಅಂತ. ಅವರು ಈಗಿಲ್ಲ. ನವಿಲಿನ ದಿಂಬು ಇನ್ನೂ ಇದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಗೋಪ್ಯ ಕಾಗದ ಕಾಯುವುದು ಅಂದರೆ ಕಬ್ಬಿಣದ ಬೀರು, ದೊಡ್ಡ ಬೀಗ ಅಂತ ಎಲ್ಲರೂ ತಿಳಿದಿದ್ದಾರೆ. ಬೀಗಕ್ಕಿಂತ ಮುಖ್ಯ ಲೆಕ್ಕ. ಎಷ್ಟು ಪ್ರತಿ ಇದೆ, ಈ ಹೊತ್ತಿನಲ್ಲಿ ಯಾರ ಕೈಯಲ್ಲಿದೆ? ಇದಕ್ಕೆ ಉತ್ತರ ಇಲ್ಲದಿದ್ದರೆ ಬೀಗ ಸುಮ್ನೆ ಶೋಕಿಗೆ.

1985ರ ಜನವರಿಯಲ್ಲಿ ದೆಹಲಿಯಲ್ಲಿ ಕೂಮರ್ ನಾರಾಯಣ್ ಎಂಬವರ ಗೂಢಚರ್ಯೆ ಪ್ರಕರಣ ಹೊರಬಿದ್ದಾಗ ನಮ್ಮ ಶಾಖೆಯಲ್ಲಿ ಅದೇ ಮಾತು. ಪ್ರಧಾನಿ ಕಚೇರಿಯ ಕಡತಗಳೇ ಹೊರಗಿನವರ ಕೈಗೆ ಹೋಗಿದ್ದವು. ಪ್ರಧಾನಿಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಪಿ.ಸಿ. ಅಲೆಕ್ಸಾಂಡರ್ ರಾಜೀನಾಮೆ ಕೊಟ್ಟರು. ಅಲ್ಲಿ ಯಾರೂ ಬೀಗ ಒಡೆದಿರಲಿಲ್ಲ. ಒಳಗಿನವರೇ ಕಡತ ಕೊಟ್ಟು, ಜೆರಾಕ್ಸ್ ಆದ ಮೇಲೆ ವಾಪಸ್ ಇಡುತ್ತಿದ್ದರು. ಬೀರು ತೆಗೆದು ನೋಡಿದರೆ ಕಡತ ಅಲ್ಲೇ ಇದೆ. ಏನೂ ಕಳೆದಿಲ್ಲ!

ಸುಮಾರು 34 ವರ್ಷ ಆದ ಮೇಲೆ ರಫೇಲ್ ಯುದ್ಧವಿಮಾನ ಖರೀದಿಯ ಪ್ರಕರಣದಲ್ಲಿ ಇದೇ ಗೊಂದಲ ಸುಪ್ರೀಂ ಕೋರ್ಟಿನಲ್ಲೇ ಆಯಿತು. 2019ರ ಮಾರ್ಚ್ 6ರಂದು ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಅವರು ರಕ್ಷಣಾ ಸಚಿವಾಲಯದಿಂದ ದಾಖಲೆ ಕಳುವಾಗಿದೆ ಎಂದರು. ಎರಡು ದಿನ ಬಿಟ್ಟು, ಕಡತ ಕಳುವಾಗಿಲ್ಲ, ಅರ್ಜಿದಾರರು ಬಳಸಿದ್ದು ಮೂಲದ ಫೋಟೋಕಾಪಿ ಎಂದರು. ಏಪ್ರಿಲ್ 10ರಂದು ಕೋರ್ಟು ಸರ್ಕಾರದ ಆಕ್ಷೇಪ ತಳ್ಳಿಹಾಕಿ, ಆ ದಾಖಲೆಗಳನ್ನು ನೋಡಬಹುದು ಎಂದಿತು. ರಾಜಕೀಯ ನನಗೆ ಬೇಡ. ನಿಮ್ಮಂಥ ಪತ್ರಿಕೆಯವರಿಗೆ ಸೋರಿಕೆ ಬೇಕೇ ಬೇಕು ಅಂತಲೂ ಗೊತ್ತು, ಎಷ್ಟೋ ಸಲ ಅದರಿಂದ ಜನರಿಗೆ ಒಳ್ಳೆಯದೇ ಆಗಿದೆ. ಆದರೆ ಟೈಪಿಸ್ಟ್ ಆಗಿ ನನಗೆ ಕಂಡದ್ದು ಒಂದೇ. ಮೂಲ ಪ್ರತಿ ಬೀರುವಿನಲ್ಲಿ ಭದ್ರವಾಗಿದೆ ಅನ್ನುವುದು ಈಗ ಸಮಾಧಾನದ ಮಾತೇ ಅಲ್ಲ.

ಆಸ್ಟ್ರೇಲಿಯಾದವರ ಕಥೆ ಇನ್ನೂ ಚೆನ್ನಾಗಿದೆ. ಕ್ಯಾನ್‌ಬೆರಾದ ಹಳೇ ಪೀಠೋಪಕರಣದ ಅಂಗಡಿಗೆ ಸರ್ಕಾರಿ ಬೀರು ಎರಡು ಬಂದವು. ಬೀಗ ಹಾಕಿದೆ, ಕೀಲಿ ಇಲ್ಲ, ಅದಕ್ಕೇ ಅಗ್ಗಕ್ಕೆ ಮಾರಾಟ. ಕೊಂಡವರು ಡ್ರಿಲ್ ಹಾಕಿ ತೆಗೆದರೆ ಒಳಗೆ ಸಾಲುಸಾಲು ಸರ್ಕಾರಗಳ ಸಚಿವ ಸಂಪುಟದ ರಹಸ್ಯ ಕಾಗದ. 2018ರ ಜನವರಿಯಲ್ಲಿ ಅಲ್ಲಿನ ಎಬಿಸಿ ವಾಹಿನಿ ಪ್ರಕಟಿಸಿತು. ಅದರಲ್ಲಿದ್ದ ಒಂದು ಕಾಗದ, ಅಲ್ಲಿನ ಫೆಡರಲ್ ಪೊಲೀಸರು ಐದು ವರ್ಷದಲ್ಲಿ ರಾಷ್ಟ್ರೀಯ ಭದ್ರತೆಯ ಸುಮಾರು 400 ಕಡತ ಕಳೆದುಕೊಂಡ ವಿಷಯ ಹೇಳುತ್ತಿತ್ತು. ಕಳೆದುಹೋದ ಕಡತಗಳ ಕಾಗದವೇ ಕಳೆದುಹೋಗಿತ್ತು ನೋಡಿ. ನಮ್ಮಲ್ಲೂ ಮುರುಕು ಕುರ್ಚಿ, ತುಕ್ಕು ಹಿಡಿದ ಬೀರು ಹರಾಜು ಹಾಕುತ್ತಾರೆ. ಪ್ರತಿ ಡ್ರಾಯರ್ ಎಳೆದು ನೋಡಿದೆ ಅಂತ ಒಬ್ಬರು ಸಹಿ ಹಾಕದೆ ಒಂದು ಬೀರೂ ಗುಜರಿ ಗಾಡಿ ಹತ್ತಬಾರದು.

ಗೋಪ್ಯ ಅಂದರೆ ಬರೀ ದೇಶದ ರಹಸ್ಯ ಅಂತಲೂ ಅಲ್ಲ. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಮಾರ್ಚ್ 21ರಂದು ಸೋರಿತು. ಮರುಪರೀಕ್ಷೆ 31ಕ್ಕೆ ಇಟ್ಟರೆ ಅದೂ ಸೋರಿತು. ಕೊನೆಗೆ ನಡೆದದ್ದು ಏಪ್ರಿಲ್ 12ಕ್ಕೆ. ನನ್ನ ಅಣ್ಣನ ಮಗಳು ಆ ವರ್ಷವೇ ಬರೆಯುತ್ತಿದ್ದಳು. ಎರಡನೇ ಸಲ ರದ್ದಾದ ದಿನ ಅವಳು ಪುಸ್ತಕ ಎಸೆದು ಅತ್ತದ್ದು ನೆನಪಿದೆ.

ಈಗ ಮುದ್ರೆಯ ವಿಚಾರಕ್ಕೆ ಬರುತ್ತೇನೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇನ್ನೂ ಜಾರಿಯಲ್ಲಿದೆ. ರಹಸ್ಯ ಕಾಗದವನ್ನು ಜೋಪಾನ ಮಾಡದೆ ಇರುವುದೂ, ಹಕ್ಕಿಲ್ಲದೆ ಇಟ್ಟುಕೊಳ್ಳುವುದೂ ಅದರ 5ನೇ ಸೆಕ್ಷನ್ ಪ್ರಕಾರ ಅಪರಾಧ. ಆದರೆ ಯಾವುದು ‘ಪರಮ ರಹಸ್ಯ’, ಯಾವುದು ಬರೀ ‘ಗೋಪ್ಯ’ ಅಂತ ಆ ಕಾಯ್ದೆ ವಿಂಗಡಿಸಿಲ್ಲ. ಅದು ಇಲಾಖೆಯ ಸೂಚನೆಗಳ ಮೇಲೆ ನಡೆಯುತ್ತದೆ. ಹಾಗಾಗಿ ಮುದ್ರೆ ಕೈಗೆ ಸಿಕ್ಕವರಿಗೆ ಒತ್ತುವ ಆಸೆ. ಪತ್ರಕ್ಕೆ ತೂಕ ಬರುತ್ತದೆ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಬಂದರೆ ತಪ್ಪಿಸಿಕೊಳ್ಳಬಹುದು ಅಂತ ಲೆಕ್ಕಾಚಾರ. ಅದು ತಪ್ಪು ಲೆಕ್ಕ. 2005ರ ಮಾಹಿತಿ ಹಕ್ಕು ಕಾಯ್ದೆಯ 8(2) ಪ್ರಕಾರ, ಬಚ್ಚಿಡುವುದಕ್ಕಿಂತ ಕೊಡುವುದರಿಂದ ಜನಹಿತ ಜಾಸ್ತಿ ಇದ್ದರೆ, 1923ರ ಕಾಯ್ದೆ ಏನೇ ಹೇಳಲಿ, ಮಾಹಿತಿ ಕೊಡಬಹುದು.

ಒತ್ತಿದ ಮುದ್ರೆ ತೆಗೆಯುವವರಂತೂ ಯಾರೂ ಇಲ್ಲ. ಕೇಂದ್ರದ 1997ರ ಸಾರ್ವಜನಿಕ ದಾಖಲೆಗಳ ನಿಯಮದಲ್ಲಿ ಐದು ವರ್ಷಕ್ಕೊಮ್ಮೆ ಇಂಥ ಕಾಗದಗಳನ್ನು ಮತ್ತೆ ನೋಡಿ ದರ್ಜೆ ಇಳಿಸಬೇಕು ಅಂತಿದೆ. ಆದರೂ 1962ರ ಚೀನಾ ಯುದ್ಧದ ಬಗ್ಗೆ ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಅವರು 1963ರಲ್ಲಿ ಕೊಟ್ಟ ವರದಿಯನ್ನು ಸರ್ಕಾರ ಬಿಡುಗಡೆ ಮಾಡಲೇ ಇಲ್ಲ. 2014ರಲ್ಲಿ ನೆವಿಲ್ ಮ್ಯಾಕ್ಸ್‌ವೆಲ್ ಎಂಬ ಪತ್ರಕರ್ತರು ಅದರ ದೊಡ್ಡ ಭಾಗವನ್ನು ಅಂತರ್ಜಾಲಕ್ಕೇ ಹಾಕಿಬಿಟ್ಟರು. ದೆಹಲಿಯ ವಹಿಯಲ್ಲಿ ರಹಸ್ಯ, ಊರಿಗೆಲ್ಲ ಬಹಿರಂಗ.

ನನ್ನ ಕೋರಿಕೆ ದೊಡ್ಡದೇನಲ್ಲ. ಮುದ್ರೆ ಒತ್ತುವ ಅಧಿಕಾರಿ ಅದರ ಪಕ್ಕದಲ್ಲೇ ಎರಡು ಸಾಲು ಕೈಯಾರೆ ಬರೆಯಲಿ: ಯಾಕೆ ಗೋಪ್ಯ, ಯಾವ ತಾರೀಖಿನವರೆಗೆ ಗೋಪ್ಯ. ಎರಡು ಸಾಲು ಬರೆಯುವ ಕಷ್ಟಕ್ಕೇ ಹಾರ ಉಪ್ಪಿಟ್ಟಿನ ಪತ್ರಗಳಿಂದ ಮುದ್ರೆ ಬಿಟ್ಟುಹೋಗುತ್ತದೆ. ಉಳಿದವಕ್ಕೆ ಪ್ರತಿ ಸಂಖ್ಯೆ ಬೇಕೇ ಬೇಕು. ಜೆರಾಕ್ಸ್ ತೆಗೆದರೆ ಅದಕ್ಕೂ ಹೊಸ ಸಂಖ್ಯೆ, ಹೊಸ ಹೆಸರು. ಈಗ ಕಂಪ್ಯೂಟರಿನಲ್ಲೇ ಕಡತ ಓಡಾಡುವ ಇ-ಆಫೀಸಿನಲ್ಲಿ ಅದು ಯಾರಿಂದ ಯಾರಿಗೆ ಹೋಯಿತು ಅನ್ನುವುದು ತಾನಾಗಿಯೇ ದಾಖಲಾಗುತ್ತದೆ, ಒಳ್ಳೆಯದು. ಆದರೆ ಪರದೆಯ ಮುಂದೆ ಹಿಡಿದ ಮೊಬೈಲು ಅದರ ಲೆಕ್ಕಕ್ಕೆ ಬರುವುದಿಲ್ಲ. ಗೋಪ್ಯ ಪತ್ರ ತೆರೆದಾಗ, ತೆರೆದವರ ಹೆಸರು ಮತ್ತು ಹೊತ್ತು ಹಾಳೆಯ ಉದ್ದಕ್ಕೂ ಮಸುಕಾಗಿ ಮೂಡುವ ಹಾಗೆ ಮಾಡಬಹುದು. ಆಗ ಫೋಟೋದಲ್ಲಿ ಹೆಬ್ಬೆರಳಿನ ಜೊತೆ ಹೆಬ್ಬೆರಳಿನವರ ಹೆಸರೂ ಬರುತ್ತದೆ! ವರ್ಗಾವಣೆ ಆದಾಗ ಚಾರ್ಜ್ ಪಟ್ಟಿಯಲ್ಲಿ ಕುರ್ಚಿ, ಫ್ಯಾನು, ಗೋಡೆ ಗಡಿಯಾರ ಎಣಿಸುತ್ತೇವೆ. ಗೋಪ್ಯ ಪ್ರತಿಗಳನ್ನೂ ಸಂಖ್ಯೆ ಓದಿ ಓದಿ ಎಣಿಸಿ ಕೊಡಲಿ. ಬೀಳ್ಕೊಡುಗೆ ಅದಾದ ಮೇಲೆ. ದೊಡ್ಡ ಸಾಹೇಬರಿಗೂ ಇದರಲ್ಲಿ ವಿನಾಯಿತಿ ಬೇಡ. ಮನೆಯಲ್ಲಿ ಓದುತ್ತೇನೆ ಅಂತ ಕಾರಿನಲ್ಲಿ ಕಡತ ಒಯ್ಯುವವರು ಗುಮಾಸ್ತರಂತೂ ಅಲ್ಲ.

ಇನ್ನೊಂದು. ಕಾಗದ ಕಾಣುತ್ತಿಲ್ಲ ಅಂತ ಅವತ್ತೇ ಬಂದು ಹೇಳಿದವರನ್ನು ಅಮಾನತು ಮಾಡಬೇಡಿ. ಹೇಳದೆ ಮುಚ್ಚಿಟ್ಟವರನ್ನು ಮಾಡಿ. ಅವತ್ತು ನನಗೆ ಮೆಮೋ ಸಿಕ್ಕಿದ್ದರೆ ಇವತ್ತು ಈ ಪತ್ರ ಬರೆಯುತ್ತಿರಲಿಲ್ಲ.

ಆ ಫೋಟೋವನ್ನು ಇದರ ಜೊತೆ ಕಳಿಸಿಲ್ಲ, ದಯವಿಟ್ಟು ಕೇಳಬೇಡಿ. ನನ್ನ ಮೊಬೈಲಿನಿಂದ ಅಳಿಸಿದ್ದೇನೆ. ಗ್ರೂಪಿನಲ್ಲಿ ನನ್ನನ್ನು ಬಿಟ್ಟು ಇನ್ನೂ 212 ಜನ ಇದ್ದಾರೆ.

— ಒಬ್ಬ ನಿವೃತ್ತ ಬೆರಳಚ್ಚುಗಾರ್ತಿ